ಭಾನುವಾರದ ಚಿತ್ರ: ‘ಬ್ಲೂ ಹವಾಯಿ’

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಈ ಭಾನುವಾರ ನಾವು ನೋಡಿ ಚರ್ಚಿಸಲಿರುವುದು ಅಮೆರಿಕದ ಜನಪ್ರಿಯ ಗಾಯಕ ಎಲ್ವಿಸ್ ಪ್ರೀಸ್ಲಿ ನಟಿಸಿದ, 1961ರಲ್ಲಿ ತೆರೆಕಂಡ ‘ಬ್ಲೂ ಹವಾಯಿ’ ಚಿತ್ರವನ್ನು. 1956ರಿಂದ 1969ರವರೆಗೆ ಪ್ರೀಸ್ಲಿ 31 ಕಥಾಚಿತ್ರಗಳಲ್ಲಿ ಅಭಿನಯಿಸಿದರು. ಅವುಗಳಲ್ಲಿ ಹೆಚ್ಚಿನವುಗಳ ಕಥೆ ತೆಳು ಎಂಬ ವಿಮರ್ಶಕರ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತೆಳುತನವೇ ದಣಿದ ಮನಸ್ಸಿಗೆ ವಿಶ್ರಾಂತಿ ಕೊಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಸೈನ್ಯದಿಂದ ಮರಳಿದ ತರುಣನೊಬ್ಬ ಮನೆಯವರು ಬಯಸಿದ ಹಣ್ಣಿನ ಕಂಪನಿಯ ಕೆಲಸವನ್ನು ಒಲ್ಲೆನೆಂದು ಪ್ರವಾಸಿಗರಿಗೆ ಮಾರ್ಗದರ್ಶಿಯಾಗುತ್ತಾನೆ. ಇಲ್ಲಿನ ಬಿಕ್ಕಟ್ಟು ಇಷ್ಟೇ. ಸೋಲು ಶಾಶ್ವತವಲ್ಲ, ಮುನಿಸು ಮುಂದಿನ ಹಾಡಿನವರೆಗೆ ಮಾತ್ರ ಎಂಬ ಭರವಸೆ ಮೊದಲೇ ಸಿಕ್ಕಿಬಿಡುವುದರಿಂದ, ಮುಂದೇನಾದೀತೆಂಬ ಆತಂಕವನ್ನು ಬದಿಗಿಟ್ಟು ನಾವು ಕಡಲಿನ ನೀಲಿಯನ್ನೂ ದನಿಯ ಏರಿಳಿತವನ್ನೂ ನೆಮ್ಮದಿಯಿಂದ ಅನುಭವಿಸಬಹುದು. ಜೊತೆಗೆ, ಧ್ವನಿಮುದ್ರಿಕೆಗಳಿಂದ ಈಗಾಗಲೇ ಆಪ್ತವಾಗಿರುವ ಗಾಯಕನನ್ನು ನಾವು ಪಾತ್ರವೆಂದು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿಲ್ಲ. ಹಳೆಯ ಗೆಳೆಯನೇ ರಜೆಗೆ ಕರೆದೊಯ್ದಂತೆ ಭಾಸವಾಗುತ್ತದೆ. ಪ್ರೇಯಸಿಯ ಅಜ್ಜಿಗೆ ಉಡುಗೊರೆಯಾಗಿ ಕೊಟ್ಟ ಸಂಗೀತದ ಪೆಟ್ಟಿಗೆಯ ನಾದಕ್ಕೆ ಅವನು ಮೆಲ್ಲನೆ ದನಿಗೂಡಿಸುವ ದೃಶ್ಯವನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ (ನಾನು ಅದನ್ನು ಎಷ್ಟೋ ಬಾರಿ ನೋಡಿದ್ದೇನೆ).

ಚಿತ್ರ ನೋಡಿದ ಬಳಿಕ, ಯಾವ ಹಾಡಿನ ಹೊತ್ತಿಗೆ ನಿಮ್ಮ ದಿನದ ಚಿಂತೆ ಮರೆತುಹೋಯಿತೆಂಬುದನ್ನು ನಾಲ್ಕು ಸಾಲುಗಳಲ್ಲಿ ಇಲ್ಲಿಯೇ ಬರೆಯಬೇಕಾಗಿ ಕೋರುತ್ತೇನೆ.