ಲೀವಿಟ್ ಹೆಸರೆಲ್ಲಿ?

ಮಾನ್ಯರೇ,

ವಿಜ್ಞಾನ ಪುರವಣಿಯಲ್ಲಿ ಖಗೋಳಶಾಸ್ತ್ರಜ್ಞ ಎಡ್ವಿನ್ ಹಬಲ್ ಕುರಿತ ಲೇಖನ ಚೆನ್ನಾಗಿತ್ತು. ಆದರೆ ಆಂಡ್ರೊಮಿಡಾ ಗೆಲಾಕ್ಸಿ ನಮ್ಮ ಕ್ಷೀರಪಥದಾಚೆಗಿದೆ ಎಂದು ಅವರು ತೋರಿಸಿದ್ದು ಯಾವ ಅಳತೆಗೋಲಿನಿಂದ ಎಂಬುದನ್ನೇ ಬಿಟ್ಟಿದ್ದೀರಿ. ಅದು ಅಮೆರಿಕದ ಖಗೋಳಶಾಸ್ತ್ರಜ್ಞೆ ಹೆನ್ರಿಯೆಟಾ ಸ್ವಾನ್ ಲೀವಿಟ್ ಕೊಟ್ಟದ್ದು.

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಂಡಸರಿಗೆ ದೂರದರ್ಶಕ, ಹೆಂಗಸರಿಗೆ ಆಕಾಶದ ಫೋಟೊ ಮೂಡಿದ ಗಾಜಿನ ಫಲಕ. ಲೀವಿಟ್‌ಗೆ ಗಂಟೆಗೆ 30 ಸೆಂಟು ಕೂಲಿ. ಫಲಕದ ಮೇಲೆ ನಕ್ಷತ್ರವೆಂದರೆ ಕರಿ ಚುಕ್ಕಿ. ಬೇರೆ ಬೇರೆ ರಾತ್ರಿಯ ಫಲಕಗಳನ್ನು ಹೋಲಿಸಿ ಯಾವ ಚುಕ್ಕಿ ದಪ್ಪಗಾಯಿತು, ಯಾವುದು ಸಣ್ಣಗಾಯಿತು ಎಂದು ನೋಡಬೇಕು. ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡುತ್ತಲೇ ನಿವೃತ್ತಳಾದ ನನಗೆ ಆ ಕಣ್ಣುರಿ ಗೊತ್ತು. ನಮ್ಮ ತಾಳೆಯಿಂದ ಯಾವ ಬ್ರಹ್ಮಾಂಡವೂ ಹಿಗ್ಗಲಿಲ್ಲ, ಬಿಡಿ! 1912ರಲ್ಲಿ ಸಣ್ಣ ಮೆಗಲಾನಿಕ್ ಮೋಡ ಎಂಬ ನೆರೆಯ ಪುಟ್ಟ ಗೆಲಾಕ್ಸಿಯ 25 ಸೆಫೀಡ್ ನಕ್ಷತ್ರಗಳನ್ನು (ಬೆಳಕು ಕ್ರಮವಾಗಿ ಏರಿಳಿಯುವಂಥವು) ಹಿಡಿದು ಲೀವಿಟ್ ತೋರಿಸಿದ್ದಿಷ್ಟು: ಬೆಳಕು ಏರಿಳಿಯುವ ಅವಧಿ ಉದ್ದವಾದಷ್ಟೂ ನಕ್ಷತ್ರದ ಪ್ರಕಾಶ ಹೆಚ್ಚು. ಅವಧಿ ಗೊತ್ತಾದರೆ ನಿಜವಾದ ಪ್ರಕಾಶ ತಿಳಿಯುತ್ತದೆ. ನಮಗೆಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ. 1923ರಲ್ಲಿ ಹಬಲ್ ತಮ್ಮ ಆಂಡ್ರೊಮಿಡಾ ಫಲಕದ ಮೇಲೆ ನೋವಾ (ಹಠಾತ್ತನೆ ಬೆಳಗುವ ನಕ್ಷತ್ರ) ಎಂದು ಗುರುತು ಹಾಕಿ, ಆಮೇಲೆ ಹೊಡೆದುಹಾಕಿದರಲ್ಲ, ಆ ಚುಕ್ಕಿ ಇಂಥದ್ದೇ ಸೆಫೀಡ್.

ಅಷ್ಟರಲ್ಲಿ, 1921ರಲ್ಲೇ, ಲೀವಿಟ್ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್, ನೊಬೆಲ್‌ಗೆ ಸೂಚಿಸುವ ಯೋಚನೆಯಿಂದ, ಆಕೆಯ ಹೆಸರಿಗೇ ಪತ್ರ ಬರೆದರು!

ನಿಮ್ಮ ಪುರವಣಿಯನ್ನು ನಮ್ಮ ಬೀದಿಯ ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ವಾರ ಲೀವಿಟ್‌ಗೆ ಅರ್ಧ ಪುಟವಾದರೂ ಕೊಡಿ.

– ನಿವೃತ್ತ ಬ್ಯಾಂಕ್ ನೌಕರೆ, ಶಿವಮೊಗ್ಗ