ಖಾಲಿ ಫೈಲಿನ ಭಯ

ಚಿ. ಅನಘಾಳಿಗೆ ಅತ್ತೆಯ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ. ನಿನ್ನ ಕಾಗದದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಜಾವಾ ಪ್ರೋಗ್ರಾಂ ಓದಿದ್ರೆ ಎಲ್ಲ ತಿಳಿಯುತ್ತೆ, ಖಾಲಿ ಫೈಲ್ ಮುಂದೆ ಕೂತ್ರೆ ಯಾವ ಕ್ಲಾಸ್ ಬರೀಬೇಕು ಅಂತಲೇ ತೋಚಲ್ಲ, ನನಗೆ ಆ ತಲೆಯೇ ಇಲ್ವೇನೋ."

ಕ್ಲಾಸ್ ಎಂದರೆ ಒಂದು ಅಚ್ಚು ಅಷ್ಟೇ: ಏನೇನು ಮಾಹಿತಿ ಇಟ್ಟುಕೊಳ್ಳಬೇಕು, ಯಾವ ಯಾವ ಕೆಲಸ (ಅದೇ ಮೆಥಡ್) ಮಾಡಬೇಕು ಎಂದು ಅದರಲ್ಲಿರುತ್ತದೆ; ಆ ಅಚ್ಚಿನಿಂದ ತೆಗೆದ ಒಂದೊಂದೂ ಆಬ್ಜೆಕ್ಟ್. ನಿಮ್ಮ ವಿಟಿಯು ಮೂರನೇ ಸೆಮಿಸ್ಟರಿನ ಲ್ಯಾಬ್ ಪ್ರಶ್ನೆಗಳನ್ನೇ ತೆಗೆದು ನೋಡು. ಎಂಪ್ಲಾಯಿ ಎಂಬ ಕ್ಲಾಸ್ ಬರೆ, ಐಡಿ, ಹೆಸರು, ಸಂಬಳ ಇರಲಿ, ಸಂಬಳವನ್ನು ಶೇಕಡಾ ಇಷ್ಟೆಂದು ಏರಿಸುವ ರೈಸ್‌ಸ್ಯಾಲರಿ ಮೆಥಡ್ ಇರಲಿ ಎಂದು ಪ್ರಶ್ನೆಯೇ ಹೇಳಿಬಿಡುತ್ತದೆ. ಯಾವ ಕ್ಲಾಸ್ ಬೇಕೆಂದು ನಿರ್ಧರಿಸುವ ಕೆಲಸ ಇದುವರೆಗೆ ನಿನ್ನ ಪಾಲಿಗೆ ಬಂದೇ ಇಲ್ಲ. ಮಾಡಿಯೇ ಇಲ್ಲದ ಕೆಲಸ ತೋಚದಿದ್ದರೆ ತಲೆಯನ್ನೇಕೆ ಬೈಯುವುದು?

ಲೈಬ್ರರಿಗೊಂದು ಪ್ರೋಗ್ರಾಂ ಬರೆಯುವುದನ್ನೇ ತಗೋ. ಎಲ್ಲರಿಗೂ ಮೊದಲು ಹೊಳೆಯುವುದು ಬುಕ್, ಮೆಂಬರ್ ಎಂಬ ಕ್ಲಾಸುಗಳು. ಸರಿ, ಪುಸ್ತಕ ಹಿಂತಿರುಗಿಸುವ ಕೊನೆಯ ದಿನಾಂಕ ಎಲ್ಲಿರಬೇಕು? ಬುಕ್‌ನಲ್ಲಿಟ್ಟರೆ, ಒಂದೇ ಪುಸ್ತಕದ ಮೂರು ಪ್ರತಿ ಮೂವರ ಕೈಯಲ್ಲಿದ್ದಾಗ ಯಾರ ದಿನಾಂಕ ಬರೆಯುತ್ತೀಯ? ಮೆಂಬರ್‌ನಲ್ಲಿಟ್ಟರೆ, ಅವನು ಎರಡು ಪುಸ್ತಕ ಒಯ್ದ ದಿನವೇ ಕೆಟ್ಟಿತು. ಅಲ್ಲಿಗೆ ಲೋನ್ ಎಂಬ ಮೂರನೆಯ ಕ್ಲಾಸ್ ತಾನಾಗಿಯೇ ಹುಟ್ಟುತ್ತದೆ: ಯಾವ ಪ್ರತಿ, ಯಾರಿಗೆ, ಎಂದಿನವರೆಗೆ. ದಂಡ ಲೆಕ್ಕ ಹಾಕುವ ಮೆಥಡ್ಡೂ ಅಲ್ಲೇ, ದಿನಾಂಕ ಗೊತ್ತಿರುವುದು ಅದಕ್ಕೇ ತಾನೆ. ಪ್ರತಿಗೂ ಬೇರೆ ಕ್ಲಾಸ್ ಬೇಕಾಗುತ್ತದೆ, ಅದನ್ನು ನಿನಗೇ ಬಿಟ್ಟಿದ್ದೇನೆ. ಈ ಯಾವುದೂ ಖಾಲಿ ಫೈಲ್ ದಿಟ್ಟಿಸುತ್ತ ಕೂತರೆ ಹೊಳೆಯುವಂಥದ್ದಲ್ಲ. ತಪ್ಪು ಜಾಗದಲ್ಲಿ ಇಟ್ಟು, ಎಲ್ಲಿ ಎಡವುತ್ತದೆ ಎಂದು ಕೇಳಿದಾಗ ಕಾಣುವುದು. ಕ್ಲಾಸ್ ಹುಡುಕಲು ಪ್ರಶ್ನೆಯಲ್ಲಿನ ನಾಮಪದಗಳಿಗೆಲ್ಲ ಗೆರೆ ಎಳೆಯಿರಿ ಎಂದು ಕಲಿಸುತ್ತಾರಲ್ಲ, ಅದು ನನಗೆ ಅಷ್ಟು ಹಿಡಿಸದು. ಬೇಡದ ಕ್ಲಾಸುಗಳ ಸಂತೆಯೇ ನೆರೆಯುತ್ತದೆ, ಬೇಕಾದ ಲೋನ್ ಮಾತ್ರ ಪ್ರಶ್ನೆಯಲ್ಲಿ ಎಷ್ಟೋ ಸಲ ಇರುವುದೇ ಇಲ್ಲ.

ನಾವು ಓದುವಾಗ ಇದ್ದದ್ದು ಸಿ ಭಾಷೆ, ಫ್ಲೋಚಾರ್ಟು, ಉರು ಹೊಡೆದ ವ್ಯಾಖ್ಯೆಗಳು. ಹೀಗೆ ಪಕ್ಕದಲ್ಲಿ ಕೂತು ಕೇಳುವವರು ಆಗ ಯಾರೂ ಸಿಗಲಿಲ್ಲವೆಂಬ ಕೊರಗು ಈಗಲೂ ಉಂಟು. ಆಬ್ಜೆಕ್ಟಿನ ಯೋಚನೆ 1960ರ ದಶಕದಲ್ಲಿ ನಾರ್ವೆಯಲ್ಲಿ, ಡಾಲ್ ಮತ್ತು ನ್ಯೂಗಾರ್ಡ್ ಎಂಬಿಬ್ಬರ ಸಿಮುಲಾ ಭಾಷೆಯಲ್ಲಿ ಬೆಳೆದದ್ದು. ನಿಜ ಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಬೇಕೆಂಬುದು ಅವರ ಗರಜು. ಎನ್‌ಕ್ಯಾಪ್ಸುಲೇಷನ್, ಪಾಲಿಮಾರ್ಫಿಸಂ ಎಂದು ಐದು ಅಂಕಕ್ಕೆ ಬರೆಯುವುದೆಲ್ಲ ಆಮೇಲಿನ ಮಾತು.

ಮತ್ತೆ ನಿನ್ನ ಖಾಲಿ ಫೈಲಿಗೇ ಬರುತ್ತೇನೆ. ಕ್ಲಾಸ್ ಬಿಟ್ಟು ಮೊದಲು ಮೇನ್ ಬರೆ, ಪ್ರೋಗ್ರಾಂ ಓಡಲು ಶುರುವಾಗುವುದು ಅಲ್ಲಿಂದಲೇ ತಾನೆ. ಎಂಪ್ಲಾಯಿ ಈ ಇಸ್ ಈಕ್ವಲ್ ಟು ನ್ಯೂ ಎಂಪ್ಲಾಯಿ, ಆಮೇಲೆ ಈ ಡಾಟ್ ರೈಸ್‌ಸ್ಯಾಲರಿ 10, ಆಮೇಲೆ ಪ್ರಿಂಟ್. ನಾಲ್ಕೈದು ಸಾಲು ಸಾಕು. ಕಂಪೈಲ್ ಮಾಡಿದರೆ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಹೋದರೆ, 'ಕೆನಾಟ್ ಫೈಂಡ್ ಸಿಂಬಲ್', ಈ ಹೆಸರು ಎಲ್ಲೂ ಇಲ್ಲ, ಎಂದು ಬೊಬ್ಬೆ ಹಾಕುತ್ತದೆ. ಮುಂದೆ ಏನು ಬರೆಯಬೇಕೆಂದು ಹೇಳುವುದೇ ಆ ಬೊಬ್ಬೆ. ಇದು ಎಲ್ಲರಿಗೂ ಒಗ್ಗುತ್ತದೆಂದು ಹೇಳಲಾರೆ, ಒಮ್ಮೆ ಮಾಡಿ ನೋಡು.

ಬರೆದ ಮೇಲೆ ಕೈಕೊಡುವುದು ಸಣ್ಣಪುಟ್ಟವೇ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರಿನಲ್ಲಿ 'ಈ ಆಬ್ಜೆಕ್ಟಿನದು' ಎಂದು ತೋರಿಸುವ ದಿಸ್ ಇಲ್ಲದೆ ಐಡಿ ಇಸ್ ಈಕ್ವಲ್ ಟು ಐಡಿ ಎಂದರೆ ಹೊರಗಿನಿಂದ ಬಂದ ಬೆಲೆ, ಅದೇ ಪ್ಯಾರಾಮೀಟರ್, ತನಗೆ ತಾನೇ ಬರೆದುಕೊಳ್ಳುತ್ತದೆ, ಆಬ್ಜೆಕ್ಟಿನ ಐಡಿ 0 ಆಗಿಯೇ ಉಳಿಯುತ್ತದೆ. ಪರ್ಸೆಂಟ್ ಇಂಟ್ (ಪೂರ್ಣಾಂಕ) ಆಗಿದ್ದು, ಬ್ರಾಕೆಟ್ ಹಾಕಿ ಅದನ್ನು ಮೊದಲು 100ರಿಂದ ಭಾಗಿಸಿದರೆ 10/100 ಸೊನ್ನೆಯೇ, ಸಂಬಳ ಒಂದು ಪೈಸೆ ಏರದು, 100.0 ಎಂದು ಬರೆ. ಶೇಪ್ ಎಂಬ ಕ್ಲಾಸಿನಿಂದ ಸರ್ಕಲ್ ಹುಟ್ಟುವ ಪ್ರೋಗ್ರಾಮಿನಲ್ಲಿ, ಸರ್ಕಲ್ ತನ್ನದೇ ರೀತಿಯಲ್ಲಿ ಮತ್ತೆ ಬರೆಯುವ ಡ್ರಾ ಎಂಬ ಮೆಥಡ್ಡಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಕಂಪೈಲ್ ಆಗುತ್ತದೆ, ಓಡುವುದು ಮಾತ್ರ ಶೇಪ್‌ನ ಡ್ರಾ. ಮೆಥಡ್ಡಿನ ಮೇಲೆ ಓವರ್‌ರೈಡ್ ಎಂದು ಗುರುತು ಹಾಕಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇವೆಲ್ಲ ನಿಮ್ಮ ಲೆಕ್ಚರರ್ ಹೇಳಿಯೇ ಇರುತ್ತಾರೆ, ನಾನು ಸುಮ್ಮನೆ ಉದ್ದ ಮಾಡಿದೆ.

ತಲೆಯೇ ಇಲ್ಲ ಎಂದು ಇನ್ನೊಮ್ಮೆ ಬರೆಯಬೇಡ ಪುಟ್ಟಿ, ಓದಲು ಸಂಕಟವಾಗುತ್ತದೆ. ಅದರ ಬದಲು ಲೈಬ್ರರಿಯ ಮೇನ್ ಮಾತ್ರ ಬರೆದು, ಕಂಪೈಲ್ ಆಗದಿದ್ದರೂ ಸರಿ, ಹಾಗೇ ಕಳಿಸು.

ನಿನ್ನ
ಅತ್ತೆ