ಸಂಗ್ರಹಾಲಯದ ಫಲಕದಲ್ಲಿ ಊರಿನ ಹೆಸರೂ ಇರಲಿ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನ. ಕಟ್ಟಿಸಿದವರನ್ನು ಹೊಗಳುವ ಕೆಲಸವನ್ನು ಎಲ್ಲ ಶಾಸನಗಳೂ ಮಾಡುತ್ತವೆ, ಬಿಡಿ. ನನಗೆ ಹೆಚ್ಚು ಇಷ್ಟವಾಗುವುದು ಅಲ್ಲೇ ಗೀರಿರುವ ಚಿತ್ರ: ಬಂಡಿಯ ಮೇಲೆ ಆ ಬೃಹತ್ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಅವುಗಳನ್ನು ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಮೀಟುಗೋಲು ಹಾಕಿ ನೂಕುವವರು. ಇಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೇಗೆ ಬಂತೆಂದು ನೋಡುವವರು ಕೇಳಿಯೇ ಕೇಳುತ್ತಾರೆ ಎಂಬುದು ಅದನ್ನು ಗೀರಿಸಿದವರಿಗೆ ಗೊತ್ತಿತ್ತು.

ಇಂದಿನ ಎಷ್ಟೋ ಸರಕಾರಿ ಸಂಗ್ರಹಾಲಯಗಳಿಗೆ ಆ ಪ್ರಶ್ನೆಯೇ ಬೇಡವಾಗಿದೆ. ‘ವೀರಗಲ್ಲು, 12ನೇ ಶತಮಾನ’ ಎಂದು ಬರೆದರೆ ಮುಗಿಯಿತು. ಅದು ಯಾವ ಊರಿನದು, ಆ ವೀರ ಸತ್ತದ್ದು ತುರುಗಳನ್ನು ಬಿಡಿಸುವಾಗಲೋ ಯುದ್ಧದಲ್ಲೋ, ಒಂದು ಸಾಲೂ ಇಲ್ಲ.

ನಮ್ಮ ಕಡೆ ನಿವೃತ್ತ ಮೇಷ್ಟರು, ರೈತರು ಪಡಸಾಲೆಯಲ್ಲೋ ಶಾಲೆಯ ಖಾಲಿ ಕೋಣೆಯಲ್ಲೋ ಹಳೆಯ ಸಾಮಾನು ಜೋಡಿಸಿಟ್ಟಿರುವುದುಂಟು. ನಾನು ಕಂಡ ಅಂಥ ಒಂದು ಕೋಣೆಯಲ್ಲಿ ಬೀಜ ಬಿತ್ತುವ ಕೂರಿಗೆಯ ಬಟ್ಟಲಿಗೆ ಮಕ್ಕಳೇ ಒಂದು ಹಿಡಿ ಜೋಳ ಸುರಿಯಬಹುದು. ಬಿದಿರಿನ ಕೊಳವೆಗಳಿಂದ ಕಾಳು ಸಾಲಾಗಿ ಇಳಿಯುವುದನ್ನು ಕಂಡ ಮೇಲೆ ವಿವರಣೆಯ ಹಂಗಿಲ್ಲ. ಧಾನ್ಯ ತುಂಬುವ ನೆಲಗುಂಡಿ, ಅಂದರೆ ಹಗೇವನ್ನು ನೆಲದಿಂದ ಕಿತ್ತು ತರಲಾಗುವುದಿಲ್ಲವಲ್ಲ! ಅದಕ್ಕೆ ಗೋಡೆಯ ಮೇಲೆ ಆಳೆತ್ತರದ ಚಿತ್ರ ಬರೆದು, ಬಾಯಿ ತೆರೆದ ಕೂಡಲೇ ಯಾಕೆ ಒಳಗೆ ಇಳಿಯಬಾರದು ಎಂಬುದನ್ನೂ ಬರೆದಿದ್ದಾರೆ. ಪ್ರತಿ ವಸ್ತುವಿಗೂ ಕೊಟ್ಟವರ ಹೆಸರು, ಊರು, ಅವರ ಮನೆಯಲ್ಲಿ ಅದಕ್ಕಿದ್ದ ಹೆಸರು. ಬಂದ ಅಜ್ಜಿಯೊಬ್ಬರು ‘ಇದನ್ನು ತಲೆಕೆಳಗಾಗಿ ಇಟ್ಟಿದ್ದೀರಿ’ ಎಂದರೆ ಅಲ್ಲೇ ತಿರುಗಿಸಿ ಇಡುತ್ತಾರೆ. ಸರಕಾರಿ ಗಾಜಿನ ಪೆಟ್ಟಿಗೆಯ ಮುಂದೆ ಆ ಅಜ್ಜಿ ಬಾಯಿ ತೆರೆಯುತ್ತಿರಲಿಲ್ಲ.

ಹವ್ಯಾಸಿಗಳನ್ನು ಹಗುರವಾಗಿ ಕಾಣುವವರಿಗೆ ಒಂದು ಮಾತು. ಅಶೋಕನ ಹೆಸರನ್ನೇ ಹೇಳುವ ನಮ್ಮ ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್.

ಹಾಗೆಂದು ಈ ಕೋಣೆಗಳಲ್ಲಿ ಎಲ್ಲವೂ ಸರಿ ಇದೆ ಎನ್ನಲಾರೆ. ತುಕ್ಕು ಹಿಡಿದ ಕತ್ತಿಯೆಲ್ಲ ವಿಜಯನಗರದ್ದಾಗುತ್ತದೆ, ಗೆದ್ದಲಿಗೆ ಮದ್ದಿಲ್ಲ. ಸಂಗ್ರಹಿಸಿದವರು ತೀರಿಕೊಂಡರೆ ಸಾಮಾನು ಗುಜರಿಗೆ ಹೋಗುವ ಭಯವಂತೂ ಇದ್ದೇ ಇದೆ.

ಆದ್ದರಿಂದ ನನ್ನ ಬೇಡಿಕೆ ಕೊಡುಕೊಳ್ಳುವಿಕೆಯದು. ಇಂಥ ಸಂಗ್ರಹಗಳ ಪಟ್ಟಿ ಮಾಡಿಸಿ. ಫೋಟೊ ಸಹಿತ ದಾಖಲಾತಿ ಪುಸ್ತಕ ಬರೆಯುವುದನ್ನು, ಮರ ಮತ್ತು ಕಬ್ಬಿಣ ಕಾಪಾಡುವುದನ್ನು ಪುರಾತತ್ವ ಇಲಾಖೆಯವರಿಂದ ಕಲಿಸಿ. ಪ್ರತಿಯಾಗಿ ಜಿಲ್ಲೆಯ ಸರಕಾರಿ ಸಂಗ್ರಹಾಲಯದ ಫಲಕಗಳನ್ನು ಹೊಸದಾಗಿ ಬರೆಯುವಾಗ ಈ ಮೇಷ್ಟರುಗಳನ್ನೂ ವಸ್ತು ಸಿಕ್ಕ ಊರಿನ ಹಿರಿಯರನ್ನೂ ಕೂರಿಸಿಕೊಳ್ಳಿ. ಹೊಸ ಕಟ್ಟಡ ಬೇಕಿಲ್ಲ. ಮೊದಲಿಗೆ ವೀರಗಲ್ಲುಗಳ ಫಲಕಗಳನ್ನಷ್ಟೇ ಬದಲಿಸಿದರೂ ಸಾಕು.

ಇಂತಿ,
ರಾಯಚೂರಿನ ಒಬ್ಬ ನಿವಾಸಿ